ಮೂರು ಎಣಿಕೆಯ ಗುಂಡಿ

ಮಾರ್ಚ್ 3, ಸೋಮವಾರ

ದಿನವೂ ಬೆರಳಿನ ಸ್ಥಿತಿ ಬರೆದಿಡಿ ಎಂದರು ಡಾಕ್ಟರು. ಮರಗಟ್ಟಿತೋ, ಜುಮುಗುಟ್ಟಿತೋ, ಎಷ್ಟು ಹೊತ್ತು, ಯಾವ ಕೆಲಸ ಮಾಡುವಾಗ. ಅದಕ್ಕಾಗಿ ಈ ಪುಸ್ತಕ. ಬೀಗ ಮಾರುವ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು, ಎರಡು ತಿಂಗಳು ಖಾಲಿ ಬಿದ್ದಿತ್ತು.

ಬೆರಳು: ಎಡಗೈಯ ಉಂಗುರದ ಬೆರಳು, ಕಿರುಬೆರಳು. ಬೆಳಿಗ್ಗೆ ಎದ್ದಾಗಿನಿಂದ ಮಧ್ಯಾಹ್ನದವರೆಗೆ ಮರಗಟ್ಟಿತ್ತು. ಬೀಗದ ಕೈ ಕೊರೆದ ಮೇಲೆ ಹಲ್ಲು ಸವರಿ ನೋಡಿದರೆ ಚೂಪು ತಿಳಿಯಲಿಲ್ಲ. ಬಲಗೈಯಲ್ಲಿ ಸವರಿದೆ.

ಮೊಣಕೈ ಹತ್ತಿರ ನರ ಒತ್ತಿಹೋಗಿದೆಯಂತೆ. ಕೀ ಮಾಡಿಕೊಡುವ ನನ್ನ ಅಂಗಡಿಯ ಕಟ್ಟೆಯ ಮೇಲೆ ಮೊಣಕೈ ಊರಿ ಕೂತದ್ದಕ್ಕೆ ಒಂದು ಪಾಲು, ಇಪ್ಪತ್ತೆರಡು ವರ್ಷ ಬೇಸ್ ಗಿಟಾರ್ ನುಡಿಸಿದ್ದಕ್ಕೆ ಒಂದು ಪಾಲು. ಹೋದ ಶಕ್ತಿ ಪೂರ್ತಿ ವಾಪಸ್ಸು ಬರುವುದು ಕಷ್ಟ ಎಂದರು. "ಗಿಟಾರ್ ಬಿಡಿ" ಅಂದರು.

"ಅಂಗಡಿ ಬಿಟ್ಟರೆ ಆಗಲ್ವಾ?" ಅಂದೆ.

ಅವರು ನಗಲಿಲ್ಲ. ನಾನೂ ತಮಾಷೆಗೆ ಹೇಳಿರಲಿಲ್ಲ.

ಮಾರ್ಚ್ 6, ಗುರುವಾರ

ಬೆರಳು: ಸಂಜೆ ಆರರಿಂದ ಎಂಟು, ಪೂರ್ತಿ ಕೈಕೊಟ್ಟಿತು.

ಗುರುವಾರದ ಅಭ್ಯಾಸ ಎಂದಿನಂತೆ, ಉದ್ದ ಎಂದು ನಾವು ಕರೆಯುವವನ ವಿದ್ಯುತ್ ಸಾಮಾನಿನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಗೋಡೆಯುದ್ದಕ್ಕೂ ವೈರಿನ ಸುರುಳಿಗಳು, ಅದರಿಂದಲೇ ಸದ್ದು ಹೆಚ್ಚು ಹೊರಗೆ ಹೋಗುವುದಿಲ್ಲ. ಉದ್ದ ನಮ್ಮ ಗಿಟಾರಿನವನು, ಬಾಗಿಲಲ್ಲಿ ಬಗ್ಗಿಯೇ ಬರಬೇಕು ಅವನು. ಹಾಡುವವನು ಗಂಟಲು. ಹಗಲೆಲ್ಲ ಒಂದು ವಿಮಾ ಕಚೇರಿಯ ಫೋನಿನಲ್ಲಿ ಬೆಣ್ಣೆಯಂತೆ ಮಾತಾಡಿ, ಸಂಜೆ ಇಲ್ಲಿ ಬಂದು ಅರಚುತ್ತಾನೆ. ಡ್ರಮ್ಸಿನವನು ಗಡಿಯಾರ, ಶಾಲೆಯಲ್ಲಿ ಗಣಿತದ ಮೇಷ್ಟ್ರು. ಆ ಹೆಸರು ನಾನೇ ಇಟ್ಟದ್ದು. ಹೊಗಳಿಕೆಗೆ ಇಟ್ಟದ್ದಲ್ಲ. ಮನುಷ್ಯ ತಪ್ಪುವುದಿಲ್ಲ, ಯಾರಿಗಾಗಿಯೂ ಕಾಯುವುದೂ ಇಲ್ಲ.

ನಮ್ಮ ಹೆವಿ ಮೆಟಲ್ ಬ್ಯಾಂಡ್ 'ತುಕ್ಕು' ಶುರುವಾದಾಗ ಇವರಲ್ಲಿ ಒಬ್ಬನೂ ಇರಲಿಲ್ಲ. ಇಲ್ಲಿಯವರೆಗೆ ಹಾಡುವವರು ಮೂರು ಜನ, ಗಿಟಾರಿಗೆ ನಾಲ್ಕು, ಡ್ರಮ್ಸಿಗೆ ಐದು. ಬೇಸಿಗೆ ಒಬ್ಬನೇ. ಇವತ್ತು ಆ ಒಬ್ಬನೇ ನಾಲ್ಕು ಹಾಡಿನಲ್ಲಿ ಹನ್ನೊಂದು ಕಡೆ ತಪ್ಪಿದ. ಗಡಿಯಾರ ಎಣಿಸಿಕೊಂಡಿದ್ದ, ಅವನೇ ಹೇಳಿದ.

ಕೊನೆಗೆ ಗಂಟಲು ಬಂದು ಪಕ್ಕದಲ್ಲಿ ಕೂತು, ಕಚೇರಿಯ ದನಿಯಲ್ಲಿ ಹೇಳಿದ: "ಅಣ್ಣಾ, ಬೇಜಾರು ಮಾಡ್ಕೋಬೇಡ. ಮೇ ಹದಿನೆಂಟಕ್ಕೆ ಶೋ ಇದೆ. ನಿಯಮ ನೀನೇ ಮಾಡಿದ್ದು."

ಹೌದು, ನಾನೇ ಮಾಡಿದ್ದು. ಹತ್ತೊಂಬತ್ತು ವರ್ಷದ ಹಿಂದೆ ಮೊದಲ ಡ್ರಮ್ಮರ್ ಮದುವೆಯಾಗಿ ಬಿಟ್ಟು ಹೋದಾಗ ಸಿಟ್ಟಿನಲ್ಲಿ ಮಾಡಿದ ನಿಯಮ. ಬಿಟ್ಟು ಹೋಗುವವನು ತನ್ನ ಜಾಗಕ್ಕೆ ತಾನೇ ಜನ ಹುಡುಕಬೇಕು, ತಾನೇ ಕಲಿಸಬೇಕು. ಮೊದಲ ಕ್ಯಾಸೆಟ್ಟಿನಲ್ಲಿ ಹೇಗಿದೆಯೋ ಹಾಗೆಯೇ ಕಲಿಸಬೇಕು. ಕಲಿಸುವಾಗ ಉಳಿದವರು ಮೂಗು ತೂರಿಸಬಾರದು. ಶೋಗೆ ಒಂದು ವಾರ ಮುಂಚೆ ಒಂದೇ ಒಂದು ಒಪ್ಪಿಗೆ ಅಭ್ಯಾಸ. ಒಪ್ಪಿದರೆ ಸರಿ. ಒಪ್ಪದಿದ್ದರೆ ಹೋಗುವವನು ಹೋಗುವಂತಿಲ್ಲ.

ಮಾರ್ಚ್ 9, ಭಾನುವಾರ

ಬೆರಳು: ಬರೆಯಲು ಮನಸ್ಸಿಲ್ಲ.

ಮೂರು ದಿನದಿಂದ ಆ ಕೊನೆಯ ಸಾಲೇ ತಲೆಯಲ್ಲಿ. ಒಪ್ಪದಿದ್ದರೆ ಹೋಗುವವನು ಹೋಗುವಂತಿಲ್ಲ.

ಊಟಕ್ಕೆ ಕೆಳಗಿಳಿದೆ. ನಾನು ಮದುವೆಯಾಗಲಿಲ್ಲ, ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿರುವವನು. ಭಾವ ಹೋದ ಮೇಲೆ ಇಬ್ಬರೇ.

"ಬಿಟ್ಟುಬಿಡೋ ಆ ಗದ್ದಲಾನ," ಅಂದಳು ಅಕ್ಕ. "ಮನೆಯಲ್ಲಿ ಒಂದು ಕಪ್ಪು ಬಿಟ್ಟು ಬೇರೆ ಬಣ್ಣದ ಅಂಗಿ ಇಲ್ಲ. ಒಗೆಯೋಕೆ ಹಾಕಿದ್ರೆ ಯಾವುದು ಒಗೆದಿದ್ದು ಯಾವುದು ಒಗೀದೆ ಇದ್ದದ್ದು ಅಂತಾನೂ ಗೊತ್ತಾಗಲ್ಲ."

"ಬಿಟ್ಟು ಏನು ಮಾಡ್ಲಿ?"

"ನನ್ನ ಹತ್ತಿರ ಎರಡು ಮಾತಾಡು."

"ಏನು ಮಾತಾಡ್ಲಿ?"

"ಅದೂ ನಾನೇ ಹೇಳಿಕೊಡ್ಬೇಕಾ?" ಅಂದು ತಟ್ಟೆ ತೆಗೆದುಕೊಂಡು ಎದ್ದಳು.

ನನಗೆ ಜಾಗ ಬಿಡುವುದಕ್ಕೆ ಮನಸ್ಸಿಲ್ಲ. ಇದನ್ನು ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ನಿಯಮ ಪಾಲಿಸುತ್ತೇನೆ. ಕಲಿಯಲಾರದ ಒಬ್ಬರನ್ನು ಹುಡುಕಿ, ಎರಡು ತಿಂಗಳು ಕಲಿಸಿ, ಒಪ್ಪಿಗೆಗೆ ಕರೆದುಕೊಂಡು ಹೋಗುತ್ತೇನೆ. ಅವರು ಒಪ್ಪುವುದಿಲ್ಲ. ಮೂರು ಬೆರಳಿದ್ದರೂ ನಾನೇ ವಾಸಿ ಎಂದು ಆಗ ಅವರಿಗೇ ಗೊತ್ತಾಗುತ್ತದೆ.

ಮಾರ್ಚ್ 15, ಶನಿವಾರ

ಬೆರಳು: ಜುಮುಜುಮು, ದಿನವಿಡೀ.

ವಾದ್ಯದ ಅಂಗಡಿಯಲ್ಲಿ ಚೀಟಿ ಅಂಟಿಸಿದ್ದೆ. ಮೂವರು ಬಂದರು.

ಮೊದಲನೆಯವನು ಚೆನ್ನಾಗಿ ನುಡಿಸಿದ. ನಾನು ಇಪ್ಪತ್ತೈದರಲ್ಲಿ ಹೀಗೆ ನುಡಿಸುತ್ತಿರಲಿಲ್ಲ. ನಿಮ್ಮ ಶೈಲಿ ನಮಗೆ ಹೊಂದುವುದಿಲ್ಲ ಎಂದು ಕಳಿಸಿದೆ. ಎರಡನೆಯವನೂ ಪರವಾಗಿಲ್ಲ, ಅವನನ್ನೂ ಕಳಿಸಿದೆ.

ಮೂರನೆಯದು ಒಬ್ಬ ಹೆಂಗಸು. ನಲವತ್ತರ ಆಸುಪಾಸು, ದೊಡ್ಡ ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸ. ಕಲಿಯಲು ಶುರುಮಾಡಿ ಒಂದು ವರ್ಷವಾಯಿತಂತೆ. ಕೈ ಚಿಕ್ಕದು, ಬೆರಳು ಗಿಟಾರಿನ ಕತ್ತಿನ ಮೇಲಿನ ನಾಲ್ಕನೆಯ ಮನೆಗೆ ಎಟುಕುವುದಿಲ್ಲ. ಮೂರು ಸಲ ಶುರುಮಾಡಿ ಮೂರು ಸಲವೂ ನಿಲ್ಲಿಸಿ, "ಸಾರಿ, ಮೊದಲಿಂದ" ಅಂದರು. ನುಡಿಸುವಾಗ ತುಟಿ ಅಲ್ಲಾಡಿಸುತ್ತ ಎಣಿಸುತ್ತಾರೆ, ಮಾತ್ರೆ ಎಣಿಸಿದ ಹಾಗೆ.

"ನಮ್ಮ ಶೋ ನೋಡಿದ್ದೀರಾ?" ಕೇಳಿದೆ.

"ಹದಿನಾರು ಸಲ. ಯಾವಾಗಲೂ ನಿಮ್ಮ ಕಡೇನೇ ನಿಂತ್ಕೋತೀನಿ ಸರ್. ಎಲ್ಲರೂ ಕೂದಲು ಬೀಸುವಾಗ ನೀವೊಬ್ಬರೇ ಬಸ್ಸಿಗೆ ಕಾಯೋರ ಥರ ನಿಂತಿರ್ತೀರ."

"ನಾಡಿದ್ದಿಂದ ಬನ್ನಿ," ಅಂದೆ. ಇವರಿಗಿಂತ ತಕ್ಕವರು ಸಿಗಲಾರರು.

ಮಾರ್ಚ್ 18, ಮಂಗಳವಾರ

ಬೆರಳು: ಹಾಗೇ.

ಬೆಳಿಗ್ಗೆ ಏಳಕ್ಕೆ ಪಾಠ, ಮೇಲಿನ ಕೋಣೆಯಲ್ಲಿ. ಎಂಟೂವರೆಗೆ ಔಷಧಿ ಅಂಗಡಿಯ ಹೆಂಗಸು ಕೆಲಸಕ್ಕೆ ಓಡಬೇಕು, ಒಂಬತ್ತಕ್ಕೆ ನಾನು ಶಟರ್ ಎತ್ತಬೇಕು. ಒಂದೂವರೆ ಗಂಟೆಯಲ್ಲಿ ಎಂಟು ಸ್ವರ. ಒಂದು ಚಿಕ್ಕ ಪುಸ್ತಕದಲ್ಲಿ ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾರೆ. "ಮೊಣಕೈ ಸಡಿಲ ಬಿಡಿ" ಅಂದದ್ದನ್ನೂ ಬರೆದುಕೊಂಡರು.

ಮಾರ್ಚ್ 27, ಗುರುವಾರ

ಬೆರಳು: ಬೆಳಿಗ್ಗೆ ಸ್ವಲ್ಪ ವಾಸಿ.

ಈ ಹೆಂಗಸು ಬಿಡುವ ಪೈಕಿ ಅಲ್ಲ. ಮೊನ್ನೆ ಬಾರದೆ ಇದ್ದದ್ದು ಇವತ್ತು ಬರುತ್ತದೆ. ಹೇಗೆ ಎಂದರೆ, "ಊಟದ ಹೊತ್ತಲ್ಲಿ ಕಪಾಟಿನ ಹಿಂದೆ ಕೂತು ಮಾಡ್ದೆ" ಅನ್ನುತ್ತಾರೆ. ಹೀಗೇ ಹೋದರೆ ಕಷ್ಟ.

ಆದ್ದರಿಂದ ಇವತ್ತು ಗುಂಡಿಯನ್ನು ತಪ್ಪು ಹೇಳಿಕೊಟ್ಟೆ.

ಗುಂಡಿ ಎಂದರೆ ನಮ್ಮ 'ಕೊನೆಯ ಪಾಳಿ' ಹಾಡಿನ ನಡುವಿನ ಖಾಲಿ ಜಾಗ. ಎರಡನೆಯ ಚರಣ ಮುಗಿಯುತ್ತಿದ್ದಂತೆ ಎಲ್ಲರೂ ಒಟ್ಟಿಗೆ ನಿಲ್ಲುತ್ತೇವೆ. ಒಂದು, ಎರಡು, ಮೂರು. ಚೂರೂ ಸದ್ದಿಲ್ಲ. ಆಮೇಲೆ ಬೇಸು, ಡ್ರಮ್ಮು ಒಟ್ಟಿಗೆ ಬೀಳುತ್ತವೆ. ಜನ ಬರುವುದೇ ಆ ಗುಂಡಿಗಾಗಿ. ಅದು ಬರೆದು ಮಾಡಿದ್ದಲ್ಲ. ಮೊದಲ ಕ್ಯಾಸೆಟ್ಟು ಮಾಡುವಾಗ ಮೊದಲ ಡ್ರಮ್ಮರ್ ಎಡವಿದ, ಇನ್ನೊಮ್ಮೆ ನುಡಿಸಲು ಸ್ಟುಡಿಯೋದವರು ಬಿಡಲಿಲ್ಲ. ಅವನ ತಪ್ಪನ್ನು ಆಮೇಲಿನ ನಾಲ್ಕು ಡ್ರಮ್ಮರುಗಳಿಗೂ ನಿಷ್ಠೆಯಿಂದ ಕಲಿಸಿದ್ದೇವೆ.

"ಇಲ್ಲಿ ಎಷ್ಟು ಎಣಿಸ್ಬೇಕು ಸರ್?"

"ನಾಲ್ಕು," ಅಂದೆ.

ಬರೆದುಕೊಂಡರು. ಎಂಟು ಸಲ ಮಾಡಿಸಿದೆ, ನಾಲ್ಕೇ ಎಣಿಸಿ. ಕೈಗೆ ಕೂರಬೇಕಲ್ಲ. ಒಪ್ಪಿಗೆಯ ದಿನ ಗಡಿಯಾರ ಮೂರಕ್ಕೆ ಬೀಳುತ್ತಾನೆ, ಈಕೆ ನಾಲ್ಕಕ್ಕೆ. ಅಲ್ಲಿಗೆ ಮುಗಿಯಿತು.

ಮಾಡಿದ್ದು ಸರಿಯಲ್ಲ. ಗೊತ್ತಿದೆ.

ಏಪ್ರಿಲ್ 2, ಬುಧವಾರ

ಬೆರಳು: ಹಾಗೇ.

ಏಪ್ರಿಲ್ 8, ಮಂಗಳವಾರ

ಬೆರಳು: ಮರಗಟ್ಟಿದ್ದು ಕಡಿಮೆ, ಬಲವೂ ಕಡಿಮೆ.

ಮಧ್ಯಾಹ್ನ ಒಬ್ಬರು ನಾನು ಹಲ್ಲು ಕೊರೆದುಕೊಟ್ಟಿದ್ದ ಬೀಗದ ಕೈ ವಾಪಸ್ಸು ತಂದರು. ತಿರುಗುತ್ತಿಲ್ಲವಂತೆ. ನೋಡಿದರೆ ಅವರು ಕೊಟ್ಟ ಮಾದರಿಯೇ ನಕಲು. ಅದೂ ನಕಲಿನ ನಕಲು. ಪ್ರತಿ ಸಲವೂ ಕೂದಲೆಳೆಯಷ್ಟು ಸರಿದು ಸರಿದು ಈಗ ಬೀಗಕ್ಕೆ ಸಂಬಂಧವೇ ಇಲ್ಲ.

"ಮೊದಲನೆಯ ಕೀ ತನ್ನಿ," ಅಂದೆ.

"ಅದು ಯಾವತ್ತೋ ಕಳೆದುಹೋಯ್ತಲ್ಲ. ಹಳೇ ಕೀನೂ ಒಂಥರಾ ಅಲ್ಲಾಡಿಸಿದ್ರೇನೇ ತೆಗೆಯೋದು. ನಮಗೆ ಅಭ್ಯಾಸ ಆಗಿದೆ."

ಹಾಗಾದರೆ ಬೀಗ ತನ್ನಿ ಎಂದು ಕಳಿಸಿದೆ. ಅಲ್ಲಾಡಿಸುವುದನ್ನೂ ನಕಲು ಮಾಡಲು ನನ್ನ ಯಂತ್ರಕ್ಕೆ ಬರುವುದಿಲ್ಲ.

ಔಷಧಿ ಅಂಗಡಿಯಾಕೆಗೆ ಐದು ಹಾಡು ಬಂದಿವೆ. ಅಕ್ಕ ಅವರಿಗೆ ಬೆಳಿಗ್ಗೆ ಚಹಾ ಕೊಡಲು ಶುರುಮಾಡಿದ್ದಾಳೆ. ಪಾಠ ಮುಗಿದ ಮೇಲೆ ಕೆಳಗೆ ಹತ್ತು ನಿಮಿಷ ಇಬ್ಬರ ನಗು ಕೇಳುತ್ತದೆ. ಅಕ್ಕನ ಮಂಡಿಗೆ ಯಾವ ಎಣ್ಣೆ ತಿಕ್ಕಬಾರದು ಎಂಬ ವಿಷಯ.

ಏಪ್ರಿಲ್ 13, ಭಾನುವಾರ

'ಕೊನೆಯ ಪಾಳಿ'ಯ ಏರುವ ಭಾಗ ಈಕೆಗೆ ಬರುವುದೇ ಇಲ್ಲ ಎಂದುಕೊಂಡಿದ್ದೆ. ನಾಲ್ಕು ಬೆರಳನ್ನೂ ಅಗಲಿಸಿ ಇಡಬೇಕಾದ ಜಾಗ, ಚಿಕ್ಕ ಕೈಗೆ ಆಗುವ ಮಾತಲ್ಲ. ಇವತ್ತು ಬಂದು ಕೂತವರೇ, "ಒಂದು ತೋರಿಸ್ಲಾ? ಬೈಬೇಡಿ" ಅಂದರು. ಅಗಲಿಸುವುದನ್ನೇ ಬಿಟ್ಟಿದ್ದಾರೆ. ತೋರುಬೆರಳು, ನಡುಬೆರಳು ಎರಡನ್ನೇ ಇಟ್ಟುಕೊಂಡು ಇಡೀ ಕೈಯನ್ನೇ ತಂತಿಯ ಮೇಲೆ ಸರಿಸುತ್ತ ಮೇಲಕ್ಕೆ ಹೋಗುತ್ತಾರೆ. ಸ್ವರ ಅದೇ. ಆದರೆ ಒಂದರಿಂದ ಒಂದಕ್ಕೆ ಜಾರುವಾಗ ಒಂದು ಎಳೆತ ಬರುತ್ತದೆ, ಭಾರದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದ ಹಾಗೆ. ಆ ಹಾಡಿಗೆ ಇಪ್ಪತ್ತೆರಡು ವರ್ಷದಿಂದ ಬೇಕಾಗಿದ್ದದ್ದು ಅದೇ ಎಂದು ಕೇಳಿದ ಮೇಲೆ ಗೊತ್ತಾಯಿತು.

"ಕ್ಯಾಸೆಟ್ಟಲ್ಲಿ ಹೀಗಿಲ್ಲ," ಅಂದೆ.

"ಹೌದು. ಬೇಡ ಅಂದ್ರೆ ಬಿಡ್ತೀನಿ."

"ಇನ್ನೊಂದ್ಸಲ ಮಾಡಿ."

ಹತ್ತು ಸಲ ಮಾಡಿಸಿದೆ. ಮೇಲಿನಿಂದ ಎರಡನೆಯ ಜಾರು ಸ್ವಲ್ಪ ಅವಸರವಾಗುತ್ತಿತ್ತು. ಹೆಬ್ಬೆರಳನ್ನು ಹಿಂದೆ ಒತ್ತಿ ಹಿಡಿಯದೆ ಸುಮ್ಮನೆ ತಾಗಿಸಿಡಲು ಹೇಳಿದೆ. ತಕ್ಷಣ ಸರಿಹೋಯಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎಂಟೂವರೆ ದಾಟಿದ್ದು ತಿಳಿಯಲೇ ಇಲ್ಲ. ಭಾನುವಾರ ಅರ್ಧ ದಿನದ ಪಾಳಿಯಂತೆ, ಓಡಿದರು.

ಅವರು ಹೋದ ಮೇಲೆ ನನ್ನ ಗಿಟಾರ್ ತೆಗೆದು ಅದೇ ರೀತಿ ನುಡಿಸಿದೆ. ಎರಡೇ ಬೆರಳು. ಬಂತು. ಇಡೀ ಹಾಡು ಬಂತು. ಉಳಿದ ಹಾಡುಗಳನ್ನೂ ಹೀಗೆಯೇ ತಿದ್ದಿಕೊಳ್ಳಬಹುದು. ಅಂದರೆ ನಾನು ಜಾಗ ಬಿಡುವ ಅಗತ್ಯವೇ ಇಲ್ಲ. ಗುರುವಾರ ಹೋಗಿ ನುಡಿಸಿ ತೋರಿಸಿದರೆ ಮುಗಿಯಿತು.

ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

ಏಪ್ರಿಲ್ 17, ಗುರುವಾರ

ಅಭ್ಯಾಸಕ್ಕೆ ಹೋಗಲಿಲ್ಲ. ಆರನೆಯ ಹಾಡಿನ ಕೊನೆಯ ತಿರುವನ್ನು ಆಕೆಗೆ ಹೇಗೆ ಸುಲಭ ಮಾಡುವುದು ಎಂದು ಯೋಚಿಸುತ್ತ ಕೂತೆ, ಹೊತ್ತು ಹೋಯಿತು. ಮುಂದಿನ ವಾರ ತೋರಿಸಿದರಾಯಿತು.

ಏಪ್ರಿಲ್ 22, ಮಂಗಳವಾರ

ಪಾಠಕ್ಕೆ ಮುಂಚೆಯೇ ಪುಸ್ತಕ ತೆರೆದುಕೊಂಡು ಕೂತಿದ್ದರು.

"ಸರ್, ಒಂದು ವಿಷಯ. ನಮ್ಮ ಅಂಗಡಿಯಲ್ಲಿ ಡಾಕ್ಟರ ಚೀಟಿ ಒಂದು ಹೇಳಿ, ಡಬ್ಬಿ ಮೇಲೆ ಇನ್ನೊಂದು ಇದ್ರೆ, ನಾವಾಗಿ ನಾವು ಏನೂ ಮಾಡಲ್ಲ. ಡಾಕ್ಟರನ್ನೇ ಕೇಳ್ತೀವಿ."

"ಏನಾಯ್ತೀಗ?"

"ಗುಂಡಿಗೆ ನಾಲ್ಕು ಅಂದಿದ್ರಿ. ನೂರು ಸಲ ಹಾಗೇ ಮಾಡಿದೀನಿ, ಕೈಗೆ ಬಂದುಬಿಟ್ಟಿದೆ. ನಿನ್ನೆ ಕ್ಯಾಸೆಟ್ ಹಾಕಿ ಕೇಳಿದ್ರೆ ಅದರಲ್ಲಿ ಮೂರೇ ಇದೆ."

ಆಕೆಯೇ ಮುಂದುವರಿಸಿದರು: "ನನ್ನದು ನಕಲು ಮಾಡಿದ ಕ್ಯಾಸೆಟ್ಟು. ಎಲ್ಲೋ ಕತ್ತರಿಸಿಹೋಗಿರ್ಬೇಕು. ನೀವು ಹೇಳಿದ್ದೇ ಸರಿ ಇರತ್ತೆ. ಆದ್ರೂ ಕೇಳಿಬಿಡೋಣ ಅಂತ."

ಕ್ಯಾಸೆಟ್ಟನ್ನು ಬಿಟ್ಟು ನನ್ನನ್ನು ನಂಬಿದರು. ಇಪ್ಪತ್ತೆರಡು ವರ್ಷದಲ್ಲಿ ಯಾರು ಹೇಳಿದರೂ ನಾನು ಒಂದು ಸ್ವರವನ್ನೂ ಬದಲಿಸಲು ಬಿಡದ ಕ್ಯಾಸೆಟ್ಟು ಅದು.

"ನೋಡಿ ಹೇಳ್ತೀನಿ," ಅಂದೆ. ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ನಾಚಿಕೆಯಾಗಿತ್ತು.

ಏಪ್ರಿಲ್ 24, ಗುರುವಾರ

ಅಭ್ಯಾಸಕ್ಕೆ ಹೋಗುವ ಬದಲು ಟೈರ್ ಅಂಗಡಿಗೆ ಹೋದೆ. ಮೊದಲ ಡ್ರಮ್ಮರಿನದು. ಒಂದೇ ಊರಿನಲ್ಲಿದ್ದೂ ಎಂಟು ವರ್ಷವಾಗಿತ್ತು ಅವನ ಮುಖ ನೋಡಿ. ಹೊಟ್ಟೆ ಬಂದಿದೆ, ಕೈ ಮಾತ್ರ ಆಗಿನದೇ. ಟೈರ್ ತಟ್ಟಿ ನೋಡುವಾಗಲೂ ಎರಡೆರಡು ಪೆಟ್ಟು ಹಾಕುತ್ತಾನೆ.

"ಏನಪ್ಪಾ, ದಾರಿ ತಪ್ಪಿ ಬಂದ್ಯಾ?"

ಚಹಾ ತರಿಸಿದ. ಬೆರಳು ತೋರಿಸಿದೆ. ಆಮೇಲೆ ಗುಂಡಿಯ ಮಾತು ಬಂತು. "ನೀನು ಅವತ್ತು ಎಡವದೇ ಇದ್ದಿದ್ರೆ ನಮಗೆ ಆ ಹಾಡೇ ಇರ್ತಿರಲಿಲ್ಲ," ಅಂದೆ.

ಅವನು ಚಹಾ ಕೆಳಗಿಟ್ಟ. "ನಾನು ಎಡವಿದ್ನಾ?"

"ಮತ್ತೆ?"

"ನಿನ್ನ ಗಿಟಾರಿನ ಹೆಗಲ ಪಟ್ಟಿ ಕಳಚಿಕೊಳ್ತು ಮಾರಾಯ. ಗಿಟಾರನ್ನ ಮಂಡಿ ಮೇಲೆ ಹಿಡ್ಕೊಂಡು ನನ್ನ ಕಡೆ ನೋಡ್ದೆ. ಆ ಮುಖ ಇನ್ನೂ ಕಣ್ಣಲ್ಲಿದೆ ನನಗೆ. ನೀನಿನ್ನೂ ಬಂದಿರಲಿಲ್ಲ. ನಾನೊಬ್ಬನೇ ಇಳಿದು ಏನು ಮಾಡ್ಲಿ? ಕಾದೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಕ್ಯಾಸೆಟ್ ಬಂದ ಮರುದಿನಾನೇ ನೀನು ಎಲ್ಲರ ಎದುರು ನನ್ನ ಹೆಸರು ಹೇಳಿದ್ದೆ. ಜನಕ್ಕೆ ಅದೇ ಇಷ್ಟ ಆಯ್ತು. ಸುಮ್ಮನಾದೆ." ಒಬ್ಬ ಗಿರಾಕಿ ಬಂದ, ಇವನು ಎದ್ದು ಹೋದ.

ನನಗೆ ನೆನಪಿಲ್ಲ ಎಂದು ಬರೆಯಲು ಹೊರಟಿದ್ದೆ. ನೆನಪಿದೆ. ಪಟ್ಟಿಯ ತುದಿಯ ಕಬ್ಬಿಣದ ಕೊಕ್ಕೆ ನೆಲಕ್ಕೆ ಬಿದ್ದ ಸದ್ದೂ ನೆನಪಿದೆ.

ಏಪ್ರಿಲ್ 25, ಶುಕ್ರವಾರ

"ಮೂರು," ಅಂದೆ ಬಾಗಿಲಲ್ಲೇ. "ತಪ್ಪು ನನ್ನದು. ಬಾಯಿತಪ್ಪಿ ನಾಲ್ಕು ಅಂದುಬಿಟ್ಟಿದ್ದೆ."

ಅರ್ಧ ನಿಜ. ಉಳಿದರ್ಧ ನಾಲಿಗೆಗೆ ಬರಲಿಲ್ಲ. ಆಕೆ ಪುಸ್ತಕದಲ್ಲಿ ನಾಲ್ಕನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಮೂರು ಬರೆದು, ತಾರೀಖು ಹಾಕಿದರು. ಅವರ ಅಂಗಡಿಯಲ್ಲಿ ಹಾಗೇ ಮಾಡುವುದಂತೆ, ಅಳಿಸುವುದಿಲ್ಲವಂತೆ.

ಕೈ ಮಾತ್ರ ಕೇಳುತ್ತಿಲ್ಲ. ಮೂರಕ್ಕೆ ಬೀಳಬೇಕಾದ ಕೈ ತಡೆದು ನಿಲ್ಲುತ್ತದೆ. ನಲವತ್ತು ಸಲ ಮಾಡಿಸಿದ ಮೇಲೆ ದಾರಿಗೆ ಬಂತು.

ಮೇ 4, ಭಾನುವಾರ

ಎಂಟೂ ಹಾಡು ಬಂದಿವೆ. ಅಕ್ಕ ಕೆಳಗಿನಿಂದ ಆಕೆಗೆ ಕೂಗಿ ಹೇಳಿದಳು, "ನಾಲ್ಕನೇದು ಇವತ್ತು ಚೆನ್ನಾಗಿತ್ತು ಕಣೇ." ನನಗೆ ಒಮ್ಮೆಯೂ ಹಾಗೆ ಹೇಳಿದವಳಲ್ಲ. ಹಾಡುಗಳಿಗೆ ನಂಬರು ಇದೆ ಎಂದು ಇವಳಿಗೆ ಯಾವಾಗ ಗೊತ್ತಾಯಿತೋ.

ಮೇ 11, ಭಾನುವಾರ

ಒಪ್ಪಿಗೆಯ ಅಭ್ಯಾಸ. ಕಲಿಸಿದವನು ಒಳಗಿರುವಂತಿಲ್ಲ. ಉದ್ದನ ಅಂಗಡಿಯ ಮುಂದೆ, ಅರ್ಧ ಇಳಿಸಿದ ಶಟರಿನ ಪಕ್ಕ ಬಲ್ಬಿನ ಡಬ್ಬದ ಮೇಲೆ ಕೂತೆ. ಗೋಡೆಯ ಮೂಲಕ ಬೇಸು ಮಾತ್ರ ಹೊರಗೆ ಬರುತ್ತದೆ, ಬೇರೇನೂ ಬರುವುದಿಲ್ಲ. ಎಂಟು ಹಾಡು ಬೇಸನ್ನೊಂದೇ ಕೇಳಿದೆ. ಗುಂಡಿ ಬಂದಾಗ ಕಾಲಲ್ಲಿ ಎಣಿಸಿದೆ. ಮೂರಕ್ಕೆ ಸರಿಯಾಗಿ ಬಿದ್ದರು.

ಗಂಟಲು ಹೊರಗೆ ಬಂದ. "ಏರೋ ಜಾಗದಲ್ಲಿ ಬೇರೆ ಥರ ಮಾಡ್ತಾರಲ್ಲಣ್ಣಾ. ಕ್ಯಾಸೆಟ್ಟಲ್ಲಿ ಹಾಗಿಲ್ಲ. ನೀನೇನಂತೀಯ?"

ಎರಡೇ ಬೆರಳಿನಲ್ಲಿ ನಾನೇ ನುಡಿಸಬಲ್ಲೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

"ನನಗಿಂತ ಚೆನ್ನಾಗಿದೆ," ಅಂದೆ. "ಹಾಗೇ ಬಿಡಿ."

"ನೀನೇನಾ ಈ ಮಾತು ಹೇಳ್ತಿರೋದು?" ಎಂದು ನನ್ನ ಮುಖವನ್ನೇ ನೋಡಿದ. ಇದರಲ್ಲಿ ನೋಡುವಂಥದ್ದೇನಿದೆಯೋ. ಚೆನ್ನಾಗಿದ್ದದ್ದನ್ನು ಚೆನ್ನಾಗಿದೆ ಅಂದೆ.

ಮೂವರೂ ಒಪ್ಪಿದರು. ಗಡಿಯಾರ ಮಾತ್ರ, "ಮೂರಕ್ಕೆ ಮುಂಚೆ ಕೈ ಸ್ವಲ್ಪ ತಡವರಿಸುತ್ತೆ" ಅಂದ. ಅವನ ಕಣ್ಣಿಗೆ ಬೀಳದ್ದು ಯಾವುದಿದೆ.

ಮೇ 18, ಭಾನುವಾರ

ಹಳೆಯ ಸಿನಿಮಾ ಮಂದಿರ, ಮಧ್ಯಾಹ್ನ ಮೂರಕ್ಕೆ. ಸಂಜೆಯ ಹೊತ್ತು ಒಂದು ಶಾಲೆಯ ನಾಟಕಕ್ಕೆ ಹೋಗಿತ್ತಂತೆ, ನಮಗೆ ಮ್ಯಾಟಿನಿ. ಬಾಗಿಲ ಸಂದಿಯಿಂದ ಬಿಸಿಲು ಬರುತ್ತಿದ್ದರೆ ಸಾವಿನ ಹಾಡು ಹಾಡುವುದು ಕಷ್ಟ ಎಂದು ಗಂಟಲು ಗೊಣಗಿದ. ಇನ್ನೂರೈವತ್ತು ಜನವಿದ್ದರು.

ಪರದೆಯ ಹಿಂದೆ ಔಷಧಿ ಅಂಗಡಿಯಾಕೆಗೆ ನನ್ನ ಪಟ್ಟಿ ಕೊಟ್ಟೆ. ಕೊಕ್ಕೆಯನ್ನು ಹೊಸದಾಗಿ ಬೆಸೆದು ತಂದಿದ್ದೆ. "ಇದು ಕಳಚಲ್ಲ," ಅಂದೆ. ಅವರ ಮುಖ ಬಿಳಿಚಿತ್ತು. ಕಪ್ಪು ಅಂಗಿಯ ಜೇಬಿನಲ್ಲಿ ಮಾತ್ರೆಯ ಹಾಳೆಯೊಂದು ಕಾಣುತ್ತಿತ್ತು.

ಜನ ಇದ್ದ ಕಡೆ ಬಂದು ನಡುವಿನ ಕಂಬಕ್ಕೆ ಒರಗಿ ನಿಂತೆ. ನಮ್ಮ ಬ್ಯಾಂಡನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಒಳಗಿದ್ದವನಿಗೆ ಹೇಗೆ ಕಾಣಬೇಕು. ದೊಡ್ಡದಾಗಿ ಕಂಡಿತು. ಮೊದಲ ಹಾಡಿಗೇ ಹೊಟ್ಟೆ ಉರಿಯಿತು. ಅಲ್ಲಿ ನಿಂತಿರಬೇಕಾದವನು ನಾನು, ಇಲ್ಲಿ ಕಂಬ ಹಿಡಿದುಕೊಂಡು ನಿಂತಿದ್ದೇನೆ. ಎರಡನೆಯದಕ್ಕೂ ಉರಿಯಿತು. ಮೂರನೆಯದರಲ್ಲಿ ಆಕೆಯ ಹೆಬ್ಬೆರಳು ಮತ್ತೆ ಒತ್ತುತ್ತಿರುವುದು ಕಂಡಿತು. ಸಡಿಲ ಬಿಡಿ, ಸಡಿಲ ಬಿಡಿ ಎಂದು ಬಾಯೊಳಗೇ ಅನ್ನತೊಡಗಿದೆ. ಅಲ್ಲಿಂದ ಆಚೆ ಹೊಟ್ಟೆಯ ಕಡೆ ಗಮನ ಹೋಗಲಿಲ್ಲ.

ಏಳನೆಯದು 'ಕೊನೆಯ ಪಾಳಿ'. ಏರುವ ಜಾಗದಲ್ಲಿ ಆ ಎಳೆತ ಬಂದಾಗ ಮುಂದಿನ ಸಾಲಿನವರು ತಲೆಯೆತ್ತಿ ನೋಡಿದರು. ಎರಡನೆಯ ಚರಣ ಮುಗಿಯಿತು. ಎಲ್ಲ ನಿಂತಿತು.

ಇನ್ನೂರೈವತ್ತು ಜನ ಉಸಿರು ಹಿಡಿದರೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಪಕ್ಕದಲ್ಲಿ ನನ್ನದೇ ವಯಸ್ಸಿನವನೊಬ್ಬ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ನಾನು ಹೊಸಬ ಅಂದುಕೊಂಡನೋ ಏನೋ, ಮೊಣಕೈ ಮುಟ್ಟಿ ಪಿಸುಗುಟ್ಟಿದ:

"ತಾಳಿ. ಈಗ ಬರುತ್ತೆ."

ಒಂದು. ಎರಡು. ಮೂರು.

ಬರಲಿಲ್ಲ.

ಆಕೆಯ ಕೈ ತಂತಿಯ ಮೇಲೆ ಎತ್ತಿದ್ದು ಎತ್ತಿದ ಹಾಗೇ ಇತ್ತು, ತುಟಿ ಅಲ್ಲಾಡುತ್ತಿತ್ತು. ಭಯವಾದ ಕೈ ಮೊದಲು ಕಲಿತದ್ದಕ್ಕೆ ಹೋಗಿಬಿಟ್ಟಿತ್ತು. ನಾನು ಕೆಡಿಸಲೆಂದು ಹೇಳಿಕೊಟ್ಟದ್ದಕ್ಕೆ. ಈಗ ಗಡಿಯಾರ ಒಬ್ಬನೇ ಬೀಳುತ್ತಾನೆ ಎಂದು ಕಣ್ಣು ಮುಚ್ಚಿಕೊಂಡೆ. ಸದ್ದಿಲ್ಲ. ತೆರೆದು ನೋಡಿದರೆ ಅವನ ಎರಡು ಕೋಲೂ ಗಾಳಿಯಲ್ಲಿ ನಿಂತಿದ್ದವು. ಅವನು ಆಕೆಯ ಕೈಯನ್ನೇ ನೋಡುತ್ತಿದ್ದ.

ನಾಲ್ಕು. ಇಬ್ಬರೂ ಒಟ್ಟಿಗೆ ಬಿದ್ದರು.

ಕಂಬ ಅದುರಿತು. ಜನ ಕೂಗಿದರು, ಅಂಥ ಕೂಗನ್ನು ನಾನು ವೇದಿಕೆಯ ಮೇಲಿಂದ ಒಮ್ಮೆಯೂ ಕೇಳಿರಲಿಲ್ಲ. ಹೆಲ್ಮೆಟ್ಟಿನವನು ಹಣೆ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದ. "ಇವತ್ತು ಜಾಸ್ತಿ ಕಾಯಿಸಿದ್ರು," ಅಂದ. "ನಾನು ಹದಿನೈದು ವರ್ಷದಿಂದ ಕೇಳ್ತಿದೀನಿ. ಹೀಗೆ ಯಾವತ್ತೂ ಆಗಿರಲಿಲ್ಲ."

"ಹೌದಾ?" ಅಂದೆ.

ಮುಗಿದ ಮೇಲೆ ಗಡಿಯಾರ ಡ್ರಮ್ಮುಗಳನ್ನು ಬಿಚ್ಚುತ್ತಿದ್ದ ಕಡೆ ಹೋದೆ. "ನೀನು ಕಾದೆಯಲ್ಲ," ಅಂದೆ.

"ಅವರಿನ್ನೂ ಬಂದಿರಲಿಲ್ಲ," ಅಂದ, ತಲೆ ಎತ್ತದೆ. "ನಾನೊಬ್ಬನೇ ಇಳಿದು ಏನು ಮಾಡ್ಲಿ?"

ಡ್ರಮ್ಮಿನ ಒಂದು ಕಾಲನ್ನು ನಾನೂ ಹಿಡಿದುಕೊಂಡೆ. ಗಾಡಿಯವರೆಗೆ ಇಬ್ಬರೂ ಹೊತ್ತೆವು.

ಮೇ 19, ಸೋಮವಾರ

ಶಟರ್ ಎತ್ತುವ ಹೊತ್ತಿಗೆ ಆಕೆ ಬಂದು ನಿಂತಿದ್ದರು. ನಿದ್ದೆ ಮಾಡಿದ ಹಾಗಿರಲಿಲ್ಲ.

"ನಾಲ್ಕು ಎಣಿಸಿಬಿಟ್ಟೆ ಸರ್. ನೀವು ಅಷ್ಟು ಸಲ ತಿದ್ದಿದ್ರಿ. ಕೈಗೆ ಅದೇ ಬಂತು. ನಿನ್ನೆ ನಿಮ್ಮ ಮುಖ ನೋಡೋಕೆ ಆಗದೆ ಹಿಂದಿನ ಬಾಗಿಲಿಂದ ಹೋದೆ."

ಅವರನ್ನು ಸ್ಟೂಲಿನ ಮೇಲೆ ಕೂರಿಸಿದೆ. ನೀರು ಕೊಟ್ಟೆ. ಆಮೇಲೆ ಹೇಳಿದೆ: "ನಿಮ್ಮ ತಪ್ಪಲ್ಲ. ನನ್ನ ಬಾಯಿ ತಪ್ಪಿದ್ದೂ ಅಲ್ಲ. ನೀವು ಒಪ್ಪಿಗೆಯಲ್ಲಿ ಸೋಲಲಿ ಅಂತ ನಾನೇ ಬೇಕೂಂತ ನಾಲ್ಕು ಹೇಳಿಕೊಟ್ಟೆ. ನಿಮ್ಮನ್ನ ಆರಿಸಿದ್ದೂ ನಿಮಗೆ ಬರಲ್ಲ ಅಂತಲೇ."

ನೀರು ಪೂರ್ತಿ ಕುಡಿದು ಲೋಟ ಕಟ್ಟೆಯ ಮೇಲಿಟ್ಟರು.

"ನಮ್ಮಲ್ಲಿ ಹೀಗೆ ಮಾಡಿದ್ರೆ ಲೈಸೆನ್ಸು ಹೋಗತ್ತೆ," ಅಂದರು.

"ನಂದೂ ಹೋಯ್ತಲ್ಲ."

ನಗಲಿಲ್ಲ. ಸಿಟ್ಟಿತ್ತು, ಇರಬೇಕಾದ್ದೇ. ಚೀಲದಿಂದ ಆ ಚಿಕ್ಕ ಪುಸ್ತಕ ತೆಗೆದು, ಗುಂಡಿಯ ಪುಟ ಬಿಡಿಸಿ, ಪೆನ್ನು ಹಿಡಿದರು.

"ಮುಂದೆ ಹೇಗೆ ನುಡಿಸಲಿ? ನಾನು ಬಿಡುವಾಗ ನನ್ನ ಜಾಗಕ್ಕೆ ಬರೋರಿಗೆ ಏನು ಹೇಳಿಕೊಡಲಿ? ಮೂರೋ, ನಾಲ್ಕೋ?"

ಇಪ್ಪತ್ತೆರಡು ವರ್ಷ ಇದಕ್ಕೆ ಉತ್ತರ ನನ್ನ ಹತ್ತಿರವೇ ಇರುತ್ತಿತ್ತು.

"ನನ್ನನ್ನ ಕೇಳಬೇಡಿ," ಅಂದೆ. "ಜಾಗ ನಿಮ್ಮದು."

ಏನೋ ಬರೆದರು. ತಾರೀಖು ಹಾಕಿದರು. ಏನು ಬರೆದರೆಂದು ನಾನು ಬಗ್ಗಿ ನೋಡಲಿಲ್ಲ. "ಅಕ್ಕನಿಗೆ ಹೇಳಿ, ಆ ಎಣ್ಣೆ ಇನ್ನೂ ತಿಕ್ತಿದ್ರೆ ನನ್ನ ಹತ್ತಿರ ಮಾತಾಡಬೇಡಿ ಅಂತ," ಎಂದು ಹೇಳಿ, ತಡವಾಯಿತೆಂದು ಕೆಲಸಕ್ಕೆ ಹೋದರು.

ಸಂಜೆ ಡಾಕ್ಟರ ಹತ್ತಿರ ಹೋಗುವುದಿದೆ. ಅವರಿಗೆ ತೋರಿಸಲು ಈ ಪುಸ್ತಕ ತೆಗೆದು ಹಿಂದಿನಿಂದ ಓದಿದೆ. ಬೆರಳಿನ ಬಗ್ಗೆ ಏಪ್ರಿಲ್ ಎಂಟರ ನಂತರ ಒಂದು ಸಾಲೂ ಇಲ್ಲ. ಬೈಯುತ್ತಾರೆ.

ಬೆರಳು: ಹಾಗೇ ಇದೆ.